ಮಾತಿನ ಬಾಲ

ಲಕ್ಕಮ್ಮ ಆಡಿದ ಮಾತಿನಿಂದ ಕೊನೆಯ ಪದವೊಂದನ್ನು ಕತ್ತರಿಸಿ, ಉಳಿದದ್ದನ್ನು ಶುಕ್ರವಾರ ಬೆಳಿಗ್ಗೆ ವಿಡಿಯೊದಲ್ಲಿ ಊರಿಗೆಲ್ಲ ತೋರಿಸಲಾಯಿತು. ಅದನ್ನು ನೋಡಿದ ಮೇಲೆ, ಚಾಮರಾಜಪೇಟೆಯಲ್ಲಿ ಅವಳಿದ್ದ ವಠಾರದ ಹನ್ನೊಂದು ಮನೆಗಳಲ್ಲಿ ಏಳು ಮನೆಯವರು ಖಾಲಿ ಮಾಡಿಕೊಡುತ್ತೇವೆಂದು ಭಾನುವಾರ ರುಜು ಹಾಕಿದರು.

ಲಕ್ಕಮ್ಮ ಆಡಿದ್ದು ಹೀಗೆ: "ಈ ಮನೇನ ನಾನು ನಗ್‌ನಗ್ತಾ ಬಿಟ್ಕೊಡ್ತೀನಿ ಅಂದ್ಕೊಂಡ್ರಾ?"

ಊರು ಕೇಳಿದ್ದು ಹೀಗೆ: "ಈ ಮನೇನ ನಾನು ನಗ್‌ನಗ್ತಾ ಬಿಟ್ಕೊಡ್ತೀನಿ."

ಕತ್ತರಿ ಆಡಿಸಿದ ಕೈ ಹೇಮಶ್ರೀಯದು.

ಗಾಂಧಿಬಜಾರಿನ ಹಿಂದಿನ ಬೀದಿಯಲ್ಲಿ, ಪೂಜೆ ಸಾಮಾನಿನ ಗ್ರಂಥಿಗೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ‘ಒಕ್ಕಣೆ’ ಎಂಬ ಸ್ಟುಡಿಯೋ ಇದೆ. ಕೆಲಸ ಸಿಗದ ಹುಡುಗ ಹುಡುಗಿಯರನ್ನು ಆರು ತಿಂಗಳು ಅಪ್ರೆಂಟಿಸ್ ಆಗಿ ಇಟ್ಟುಕೊಂಡು, ವಿಡಿಯೊ ತೆಗೆಯುವುದು, ಕತ್ತರಿಸುವುದು, ಮಾತು ಕೂಡಿಸುವುದನ್ನೆಲ್ಲ ಕಲಿಸಿ ಎಲ್ಲಾದರೂ ಕೆಲಸಕ್ಕೆ ಸೇರಿಸುವುದು ಅದರ ವಹಿವಾಟು. ನಡೆಸುವವರು ಸುಪ್ರಜಾ. ಎನ್.ಆರ್. ಕಾಲೋನಿಯ ಕನ್ನಡ ಮೇಷ್ಟರ ಮಗಳು. ದೊಡ್ಡ ಜಾಹೀರಾತು ಕಂಪನಿಯ ಕೆಲಸ ಬಿಟ್ಟು ಇದಕ್ಕೆ ಇಳಿದ ಹೆಂಗಸು. ಅವರನ್ನು ಸುಮ್ಮನೆ ಕೆಟ್ಟವರು ಎಂದುಬಿಡಲು ಬರುವುದಿಲ್ಲ. ಹಿಂದಿನ ತಂಡದ ಹುಡುಗರಲ್ಲಿ ಒಬ್ಬ ಈಗ ಗಾಂಧಿನಗರದಲ್ಲಿ ಸಿನಿಮಾ ಪ್ರಚಾರದ ಆಫೀಸಿನಲ್ಲಿ ಕೂತಿದ್ದಾನೆ, ಇನ್ನೊಬ್ಬಳು ಆಸ್ಪತ್ರೆಯೊಂದಕ್ಕೆ ವಿಡಿಯೊ ಮಾಡಿಕೊಟ್ಟು ಮನೆ ನಡೆಸುತ್ತಿದ್ದಾಳೆ. ಇಂಗ್ಲಿಷಿನಲ್ಲಿ ಎರಡು ವಾಕ್ಯ ಸರಾಗ ಬಾರದೆಂದು ಹೋದಲ್ಲೆಲ್ಲ ಬಾಗಿಲು ಹಾಕಿಸಿಕೊಂಡಿದ್ದ ಹೇಮಶ್ರೀಗೆ, "ನಿಂಗೆ ಕಣ್ಣಿದೆ ಕಣೇ, ಭಾಷೆ ಆಮೇಲೆ ನೋಡ್ಕೊಳ್ಳೋಣ" ಎಂದವರು ಅವರೊಬ್ಬರೇ.

ಆ ಸುಪ್ರಜಾ ಕಲಿಸಿದ ಮೊದಲ ಪಾಠವೇ ಬಾಲದ ಪಾಠ.

"ನಮ್ಮ ಜನದ ಮಾತಿಗೆ ಬಾಲ ಜಾಸ್ತಿ ಕಣ್ರೋ. ಹೇಳೋದೆಲ್ಲ ಹೇಳಿ ಆದ್ಮೇಲೂ ‘ಅಂತ ಅಷ್ಟೇ’, ‘ಹಂಗಾಗಿ ಏನೋಪ್ಪ’ ಅಂತ ಎಳೀತಾನೇ ಇರ್ತಾರೆ. ರೀಲ್ ನೋಡೋನಿಗೆ ಅಷ್ಟು ತಾಳ್ಮೆ ಎಲ್ಲಿದೆ? ಕ್ರಿಯಾಪದ ಬಂತಾ, ಬಾಲ ಕಟ್."

ಅಪ್ರೆಂಟಿಸುಗಳ ಬೆರಳು ಅದಕ್ಕೆ ಪಳಗಿತು. ಆದರೆ ಕನ್ನಡದ ಮಾತಿನಲ್ಲಿ ತೀರ್ಪು ಕೂತಿರುವುದೇ ಬಾಲದಲ್ಲಿ. ಅಲ್ಲ, ಇಲ್ಲ, ಅಂತೆ, ಅಂದ್ಕೊಂಡ್ರಾ: ಎಲ್ಲವೂ ಕೊನೆಗೇ ಬರುವವು. ಕೊನೆಯದನ್ನು ಕಿತ್ತರೆ ಬೈದವನು ಹೊಗಳಿದಂತಾಗುತ್ತದೆ, ಒಲ್ಲೆ ಎಂದವಳು ಒಪ್ಪಿದಂತಾಗುತ್ತದೆ. ಮೇಷ್ಟರ ಮಗಳಿಗೆ ಇದು ಗೊತ್ತಿರಲಿಲ್ಲವೆಂದು ಯಾರು ನಂಬಬೇಕು?

ವಠಾರವನ್ನು ಕೊಂಡಿದ್ದವನು ಗೌರೀಶ್. ಅದನ್ನು ಕೆಡವಿ, ಹಳೆಯ ಕಂಬಗಳನ್ನಷ್ಟೇ ಉಳಿಸಿ, ಹಳೇ ಕಾಲದ ಸೊಬಗಿನ ಹೋಟೆಲ್ ಕಟ್ಟುವುದು ಅವನ ಯೋಜನೆ. ಲಕ್ಕಮ್ಮ ಬಿಡುವವರೆಗೆ ತಾವೂ ಬಿಡುವುದಿಲ್ಲವೆಂದು ವಠಾರದವರು ಕೂತಿದ್ದರು. ಒಕ್ಕಣೆಯ ಬಾಡಿಗೆ, ಹುಡುಗರ ಸ್ಟೈಪೆಂಡು ಎಲ್ಲಕ್ಕೂ ದುಡ್ಡು ಬರುತ್ತಿದ್ದದ್ದು ಅವನಿಂದಲೇ. "ವಠಾರದ ನೆನಪು ಅಂತ ಒಂದು ವಿಡಿಯೊ ಮಾಡ್ಕೊಡಿ" ಎಂದ. ಹೇಮಶ್ರೀಯನ್ನು ಕಳಿಸಿದರು. ಅವಳು ಮೂರು ದಿನ ಲಕ್ಕಮ್ಮನ ಒಲೆಯ ಮುಂದೆ ಕೂತಳು. ಕಾಂಡಿಮೆಂಟ್ಸ್ ಅಂಗಡಿಗಳಿಗೆ ಕೋಡುಬಳೆ ಕರಿದು ಕೊಡುವ ಆ ಮುದುಕಿ, ಬಾಣಲೆಯಿಂದ ಕಣ್ಣು ತೆಗೆಯದೆ, ಹೊಟ್ಟೆ ಹಿಡಿದು ನಗುತ್ತ ಆ ಮಾತನ್ನು ಆಡಿದ್ದಳು. ನಕ್ಕದ್ದು ಗೌರೀಶನ ಆಸೆಯನ್ನು ನೆನೆದು.

ಗುರುವಾರ ಸಂಜೆ ದೊಡ್ಡ ಪರದೆಯ ಮೇಲೆ ಅದು ಓಡುತ್ತಿತ್ತು. ಹಿಂದೆ ನಿಂತಿದ್ದ ಸುಪ್ರಜಾ ಅಭ್ಯಾಸಬಲದಿಂದ, "ಬಾಲ ಕಟ್ ಮಾಡು" ಎಂದರು. ಹೇಮಶ್ರೀ ಅಭ್ಯಾಸಬಲದಿಂದಲೇ ಕತ್ತರಿಸಿದಳು. ಮತ್ತೆ ಓಡಿಸಿದಳು. ನಗುವ ಮುಖ, ನಗುವ ಮಾತು. ಇಬ್ಬರಿಗೂ ಒಟ್ಟಿಗೇ ಕೇಳಿಸಿತು, ಏನಾಗಿದೆ ಎಂದು.

"ಮೇಡಂ, ಅರ್ಥ..." ಎಂದಳು ಹೇಮಶ್ರೀ.

"ಅರ್ಥ ಜನ ಮಾಡ್ಕೋತಾರೆ," ಎಂದರು ಸುಪ್ರಜಾ. "ಚೆನ್ನಾಗಿದೆ. ಹಾಕು."

ಅವಳು ಹಾಕಿದಳು.

ಸೋಮವಾರ ಬೆಳಿಗ್ಗೆ ಲಕ್ಕಮ್ಮ ಒಕ್ಕಣೆಯ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಚಪ್ಪಲಿ. ಮೆಟ್ಟಿಲ ಬುಡದಲ್ಲಿ ಬಿಟ್ಟರೆ ಯಾರಾದರೂ ಹೊತ್ತುಕೊಂಡು ಹೋದಾರು ಎಂದು ಎತ್ತಿಕೊಂಡೇ ಬಂದಿದ್ದಳು. ಕಂಪ್ಯೂಟರುಗಳ ಮುಂದೆ ಕೂತಿದ್ದ ಹುಡುಗರೆಲ್ಲ ತಿರುಗಿ ನೋಡಿದರು.

"ಹೇಮಾ ಎಲ್ಲವಳೆ?"

ಹೇಮಶ್ರೀ ಎದ್ದು ನಿಂತಳು. "ಅಜ್ಜೀ..."

"ಏನವ್ವ, ನನ್ ಬಾಯಿಂದ ಬಂದಿದ್ರಲ್ಲಿ ಅರ್ಧ ಎಲ್ಲಿ ಮಡಗಿದೀಯ? ಮೂರು ದಿನ ಕೂತ್ಕಂಡು ಕೋಡುಬಳೆ ತಿಂದಲ್ಲ, ಅದ್ರಲ್ಲೇನೂ ಅರ್ಧ ಬಿಡ್ಲಿಲ್ವಲ್ಲ ನೀನು?"

ಯಾರೋ ಕಿಸಕ್ಕೆಂದರು. ಸುಪ್ರಜಾ ತಮ್ಮ ಕೋಣೆಯಿಂದ ಬಿರಬಿರನೆ ಬಂದರು. "ಬನ್ನಿ ಅಮ್ಮಾ, ಕೂತ್ಕೊಳ್ಳಿ. ಕಾಫಿ ತರಿಸ್ತೀನಿ."

"ಕಾಪಿ ಬ್ಯಾಡ ಕಣ್ರವ್ವ. ಮಾತು ಕೊಡಿ."

"ಅದೊಂದು ಸಣ್ಣ ಟೆಕ್ನಿಕಲ್ ಪ್ರಾಬ್ಲಮ್ ಆಗಿದೆ ಅಮ್ಮಾ."

"ಅದ್ಯಾರು ಟೆಕ್ನಿಕಲ್ಲು? ಕರೀರಿ ಅವನ್ನ, ನಾನೇ ಕೇಳ್ತೀನಿ."

ಈ ಸಲ ಯಾರೂ ನಗಲಿಲ್ಲ. ಲಕ್ಕಮ್ಮನ ದನಿ ಒಡೆದಿತ್ತು. "ನಲ್ಲಿ ತಾವ ಹೋದ್ರೆ ಎದ್ರು ಮನೆ ಗೋದಾ ನನ್ ಕೊಡಪಾನ ಎತ್ತಿ ಆಚೆಗಿಡ್ತಾಳೆ. ‘ಒಳಗೊಳಗೇ ಮಾತಾಡ್ಕೊಂಡು ನಮ್ಮನ್ನ ಬೀದಿಗೆ ತಂದ್ಯಲ್ಲ’ ಅಂತ ಮಖದ ಮ್ಯಾಲೇ ಅಂದ್ಲು. ಅವಳ ಹೆರಿಗೆಗೆ ಬಿಸಿನೀರು ಕಾಯ್ಸಿದೋಳು ನಾನು. ಮನೆ ಹೋದ್ರೆ ಹೋಗ್ಲಿ, ಎಲ್ಲೋ ಒಲೆ ಹೂಡ್ಕೊತೀನಿ. ನಂಬ್ಕೊಂಡೋರ ಕೈ ಬಿಟ್ಟೋಳು ಅನ್ನಿಸ್ಕೊಂಡು ಎಲ್ಗೆ ಹೋಗ್ಲವ್ವ?"

ಹೇಮಶ್ರೀ ತನ್ನ ಕಾಲ್ಬೆರಳು ನೋಡುತ್ತ ನಿಂತಿದ್ದಳು.

"ಸಂಜೆ ನಾವೇ ವಠಾರಕ್ಕೆ ಬಂದು ಎಲ್ಲ ಸರಿ ಮಾಡ್ತೀವಿ," ಎಂದರು ಸುಪ್ರಜಾ.

ಲಕ್ಕಮ್ಮ ಅವರ ಕಡೆ ನೋಡಲೇ ಇಲ್ಲ. "ನೀನು ಬತ್ತೀಯ ಮಗ?"

"ಬರ್ತೀನಿ ಅಜ್ಜಿ."

ಲಕ್ಕಮ್ಮ ಇಳಿದು ಹೋದ ಮೇಲೆ ಸುಪ್ರಜಾ ಹೇಮಶ್ರೀಯನ್ನು ಒಳಗೆ ಕರೆದು ಗಾಜಿನ ಬಾಗಿಲು ಮುಚ್ಚಿದರು.

"ಗೌರೀಶ್ ಫೋನ್ ಮಾಡಿದ್ರು. ಅಲ್ಲಿ ಕೊನೇ ಮನೆ ಸತೀಶ್ ಅಂತ, ಅವೆನ್ಯೂ ರಸ್ತೇಲಿ ಪ್ರಿಂಟಿಂಗ್ ಪ್ರೆಸ್ಸಲ್ಲಿ ಕೆಲಸ ಮಾಡೋನು, ಅವನು ತಗಾದೆ ತೆಗ್ದಿದಾನಂತೆ. ಅಜ್ಜಿ ಪೂರ್ತಿ ಏನು ಹೇಳಿದ್ರು ಅಂತ ಗೊತ್ತಾಗ್ಬೇಕು, ಇಲ್ಲ ಅಂದ್ರೆ ರುಜು ಹಾಕಿದೋರೆಲ್ಲ ವಾಪಸ್ ತಗೋತೀವಿ ಅಂತ. ನಾಲ್ಕು ಗಂಟೆಗೆ ಅಂಗಳದಲ್ಲಿ ಸೇರ್ತಾರೆ. ನೀನು ಬಂದು ಒಂದು ಮಾತು ಹೇಳ್ಬೇಕು."

"ಏನಂತ ಮೇಡಂ?"

"ಹೇಳಿದ್ದು ಇಷ್ಟೇ ಅಂತ. ಆವತ್ತು ಅಜ್ಜಿ ಹೀಗೇ ಅಂದ್ರು, ಈಗ ಮನಸ್ಸು ಬದಲಾಯಿಸಿದಾರೆ ಅಂತ. ಒಲೆ ಮುಂದೆ ಕೂತಿದ್ದೋಳು ನೀನು. ನೀನು ಹೇಳಿದ್ರೆ ನಂಬ್ತಾರೆ."

"ಒರಿಜಿನಲ್ ಇದೆಯಲ್ಲ ಮೇಡಂ, ಅದನ್ನೇ ತೋರಿಸಿದ್ರೆ..."

"ಅದಿಲ್ಲ," ಎಂದರು ಸುಪ್ರಜಾ. ಒಂದು ಕ್ಷಣ ಕಿಟಕಿಯಾಚೆ ನೋಡಿದರು. "ನಿನ್ನೇನೇ ಅಳಿಸ್ದೆ."

ಹಾಗಾದರೆ, ಸುಪ್ರಜಾ ಬಾಯಿ ಬಿಡದ ಮೇಲೆ, ಆ ಪದ ಈಗ ಉಳಿದಿರುವುದು ಎರಡೇ ಕಡೆ: ಲಕ್ಕಮ್ಮನ ಬಾಯಲ್ಲಿ, ತನ್ನ ಕಿವಿಯಲ್ಲಿ. ಲಕ್ಕಮ್ಮನ ಬಾಯನ್ನು ಈಗ ಯಾರೂ ನಂಬುತ್ತಿಲ್ಲ.

"ನನ್ನನ್ನ ಹಂಗೆ ನೋಡ್ಬೇಡ ಹೇಮಾ. ಆ ಗೋಡೆಗಳು ಇವತ್ತಲ್ಲ ನಾಳೆ ಬೀಳೋವೇ. ಗೌರೀಶ್ ಇಲ್ಲ ಅಂದ್ರೆ ಇನ್ನೊಬ್ಬ ಬಂದು ಕೆಡವ್ತಾನೆ, ಇಷ್ಟು ಮರ್ಯಾದೆಯಾಗೂ ಮಾತಾಡಲ್ಲ. ಆದ್ರೆ ಗೌರೀಶ್ ಕೈ ಬಿಟ್ರೆ ಒಕ್ಕಣೆ ಇರಲ್ಲ. ಜುಲೈಗೆ ಹೊಸ ತಂಡ ಬರ್ತಿದೆ. ಅದರಲ್ಲಿ ಧೃತಿ ಅಂತ ಒಬ್ಬಳು ದಿನಾ ಫೋನ್ ಮಾಡ್ತಾಳೆ, ‘ನನ್ನ ಸೀಟು ಇದೆಯಲ್ವಾ ಮೇಡಂ’ ಅಂತ. ನಿನ್ನ ಥರಾನೇ. ಅವಳಿಗೇನು ಹೇಳ್ಲಿ?" ಅವರ ದನಿಯಲ್ಲಿ ನಟನೆಯಿರಲಿಲ್ಲ. ಅದೇ ಹೆಚ್ಚು ಕಷ್ಟವಾಗಿತ್ತು. "ಒಂದನೇ ತಾರೀಖಿಂದ ನಿನ್ನ ಕೆಲಸ ಪರ್ಮನೆಂಟು. ಮನೇಲಿ ಹೇಳಿದೀಯ ತಾನೇ?"

ಹೇಳಿದ್ದಳು. ಅಪ್ಪ ಪುಟ್ಟಯ್ಯ ಲಗೇಜ್ ಆಟೋ ಓಡಿಸುವವನು. ಸುದ್ದಿ ಕೇಳಿದ ದಿನವೇ ಸ್ಟ್ಯಾಂಡಿನವರಿಗೆಲ್ಲ ಮೈಸೂರುಪಾಕು ಹಂಚಿ, "ನನ್ ಮಗ್ಳು ಸ್ಟುಡಿಯೋದಾಗೆ ಆಫೀಸರ್ರು" ಎಂದು ಸಾರಿಕೊಂಡು ಬಂದಿದ್ದ. ಮಗಳ ಡಿಗ್ರಿ ಮುಗಿದು ಎರಡು ವರ್ಷ ಅವನು ಆ ಸ್ಟ್ಯಾಂಡಿನಲ್ಲಿ ‘ಇನ್ನೂ ಏನೂ ಆಗ್ಲಿಲ್ವಾ?’ ಎಂಬ ಪ್ರಶ್ನೆ ನುಂಗುತ್ತ ನಿಂತಿದ್ದವನು.

ಮೆಟ್ಟಿಲ ಮೇಲೆ ಜೊತೆಯ ಅಪ್ರೆಂಟಿಸ್ ಸಮರ್ಥ ಚೂಡ ತಿನ್ನುತ್ತ ಕೂತಿದ್ದ. ಗಾಜಿನ ಬಾಗಿಲಾದರೂ ಸದ್ದು ಸೋರುತ್ತಿತ್ತು.

"ಏನ್ ಗುರು, ಸಾಕ್ಷಿ ಹೇಳಕ್ಕೆ ಹೊರಟ್ಯಾ?"

"ನೀನಾಗಿದ್ರೆ ಏನ್ ಮಾಡ್ತಿದ್ದೆ?"

"ನಾನಾ? ನಿಂಗೆ ಹೇಳ್ಬೇಡ ಅಂತೀನಿ. ಆಗ ನಿನ್ ಸೀಟು ನಂಗೆ ಬರುತ್ತಲ್ಲ." ನಕ್ಕ. ಅವಳು ನಗಲಿಲ್ಲ. ಅವನು ಚೂಡದ ಪೊಟ್ಟಣ ಮಡಿಚಿ ಜೇಬಿಗಿಟ್ಟ. "ನಿಜ ಹೇಳ್ಲಾ? ನಾನಾಗಿದ್ರೆ ಮೇಡಂ ಅಂದಿದ್ದನ್ನೇ ಹೇಳ್ಬಿಡ್ತಿದ್ದೆ ಕಣೇ. ಹೇಳಿ, ಆಮೇಲೆ ಆ ವಠಾರದ ರಸ್ತೇಲಿ ಓಡಾಡೋದು ಬಿಡ್ತಿದ್ದೆ."

ಸುಪ್ರಜಾರ ಕಾರು ಉಮಾ ಟಾಕೀಸ್ ಸ್ಟಾಪು ದಾಟಿತು. ಹೇಮಶ್ರೀ ಮನಸ್ಸಿನಲ್ಲೇ ಆ ವಾಕ್ಯವನ್ನು ಹೇಳಿ ನೋಡಿಕೊಂಡಳು. ಹೇಳಿದ್ದು ಇಷ್ಟೇ. ಎಷ್ಟು ಚಿಕ್ಕ ಮಾತು. ಬಸ್ಸಿನಲ್ಲಿ ಟಿಕೆಟ್ ಕೇಳುವುದಕ್ಕಿಂತ ಸುಲಭ. ಸುಳ್ಳು ಹೇಳಿಸುವವರು ಯಾವಾಗಲೂ ಚಿಕ್ಕದನ್ನೇ ಕೇಳುತ್ತಾರೆ. ದೊಡ್ಡದನ್ನು ಅವರು ಆಗಲೇ ಮಾಡಿ ಮುಗಿಸಿರುತ್ತಾರೆ.

ಅಂಗಳ ತುಂಬಿತ್ತು. ನಲ್ಲಿಯ ಕಟ್ಟೆಯ ಮೇಲೆ ಗಂಡಸರು, ಹೊಸಿಲುಗಳಲ್ಲಿ ಹೆಂಗಸರು. ಗೌರೀಶ್ ಬಿಳಿ ಅಂಗಿಯ ತೋಳು ಮಡಿಚಿ ನಡುವೆ ನಿಂತಿದ್ದ. ಲಕ್ಕಮ್ಮ ತನ್ನ ಬಾಗಿಲಲ್ಲಿ ಒಬ್ಬಳೇ ನಿಂತಿದ್ದಳು. ಅವಳ ಎರಡೂ ಪಕ್ಕದ ಹೊಸಿಲು ಖಾಲಿ.

"ನಾನೂ ಹಳ್ಳಿಯಿಂದ ಬಂದೋನೇ," ಎನ್ನುತ್ತಿದ್ದ ಗೌರೀಶ್. "ನಿಮಗೆ ಮೋಸ ಮಾಡಿ ನಾನೆಲ್ಲಿ ಉದ್ಧಾರ ಆಗ್ತೀನಿ? ಅಜ್ಜಿ ಅವತ್ತು ಖುಷಿಯಾಗಿ ಒಪ್ಪಿದ್ರು. ಈಗ ಯಾರೋ ತಲೆ ಕೆಡ್ಸಿದಾರೆ."

"ಯಾರೂ ಕೆಡ್ಸಿಲ್ಲ ಸಾರ್," ಎಂದ ಸತೀಶ್. "ಅಜ್ಜಿ ಬೇರೇನೋ ಹೇಳಿದೆ ಅಂತಿದೆ. ನೀವು ಇಲ್ಲ ಅಂತಿದೀರಿ. ನಮ್ಮದೂ ರುಜು ಬಿದ್ದಿದೆ, ನಮಗೂ ಗೊತ್ತಾಗ್ಬೇಕು."

"ಮಾತು ತಿರುಗ್ಸೋದು ಅವಳಿಗೆ ಹೊಸದಾ?" ಎಂದಳು ಗೋದಾ ತನ್ನ ಹೊಸಿಲಿಂದ. "ಹಲ್ಲು ಬಿಟ್ಕೊಂಡು ಹೇಳಿದ್ದು ನಾವೇನು ನೋಡಿಲ್ವಾ?"

"ನಕ್ಕಿದ್ದು ಅವನ್ನ ನೆನ್ಸ್ಕಂಡು ಕಣೇ, ಮುಂಡೇದೆ!" ಎಂದು ಲಕ್ಕಮ್ಮ ಕೂಗಿದಳು. ಯಾರೂ ಅವಳತ್ತ ತಿರುಗಲಿಲ್ಲ.

"ಜಗಳ ಬೇಡ," ಎಂದ ಸತೀಶ್. "ಈ ಹುಡುಗಿ ಅಲ್ಲೇ ಕೂತಿತ್ತಲ್ಲ. ಇದೇ ಹೇಳ್ಲಿ. ಇದು ಹೇಳಿದ್ಮೇಲೆ ನಾನು ಇನ್ನೊಂದು ಮಾತಾಡಲ್ಲ, ಹಾಕಿದ ರುಜು ಹಾಕಿದ್ದೇ."

ಇಡೀ ಅಂಗಳ ಹೇಮಶ್ರೀಯ ಕಡೆ ತಿರುಗಿತು. ಲಕ್ಕಮ್ಮ ಬೇಡಿಕೊಳ್ಳಲಿಲ್ಲ, ಕಣ್ಣೀರೂ ಹಾಕಲಿಲ್ಲ. ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸುತ್ತ, ಕಡಾಯಿಯಲ್ಲಿ ಎಣ್ಣೆ ಕಾದಿದೆಯೋ ಇಲ್ಲವೋ ಎಂದು ನೋಡುವಂತೆ ಹೇಮಶ್ರೀಯ ಮುಖ ನೋಡಿದಳು.

"ಹೇಳಮ್ಮ, ಹೆದರ್ಕೋಬೇಡ," ಎಂದ ಗೌರೀಶ್. "ಎಲ್ಲ ನಮ್ಮೋರೇ."

ಸುಪ್ರಜಾ ಪಕ್ಕಕ್ಕೆ ಬಂದು, ತುಟಿ ಹೆಚ್ಚು ಆಡಿಸದೆ, "ಹೇಳಿದ್ದು ಇಷ್ಟೇ ಅನ್ನು ಹೇಮಾ," ಎಂದರು. "ಎರಡು ಪದ. ಮುಗಿದುಹೋಗುತ್ತೆ."

ಹೇಮಶ್ರೀಗೆ ಸ್ಟ್ಯಾಂಡಿನಲ್ಲಿ ನಿಂತ ಅಪ್ಪ ಕಂಡ. ಕಾಣದ ಆ ಧೃತಿಯೂ ಫೋನು ಕಿವಿಗಿಟ್ಟುಕೊಂಡು ಎಲ್ಲೋ ನಿಂತಂತೆ ಕಂಡಳು.

"ಅನ್ನಲ್ಲ ಮೇಡಂ."

ಮೆಲ್ಲಗೇ ಹೇಳಿದಳು. ಆದರೂ ಅಂಗಳದ ಆ ತುದಿಯವರೆಗೆ ಕೇಳಿಸಿತು. ಗೋದಾ ಹೊಸಿಲಿಂದ ಎದ್ದು ನಿಂತಳು. ಗೌರೀಶನ ಮುಖದ ನಗು ಹಾಗೇ ಇತ್ತು, ಕಣ್ಣಲ್ಲಿ ಮಾತ್ರ ಅದು ಆರಿಹೋಯಿತು.

"ಹುಡುಗಿಗೆ ಗಾಬರಿಯಾಗಿದೆ," ಎಂದರು ಸುಪ್ರಜಾ ಎಲ್ಲರಿಗೂ ಕೇಳುವಂತೆ. ಹೇಮಶ್ರೀಯ ತೋಳು ಹಿಡಿದರು. "ಹೇಮಾ, ನೀನು ಕಾರಲ್ಲಿ ಕೂತ್ಕೋ ಹೋಗು. ಆಮೇಲೆ ಮಾತಾಡೋಣ."

"ಇಲ್ಲೇ ಮಾತಾಡ್ತೀನಿ."

"ಕೆಲಸ ಬೇಕಾ ಬೇಡ್ವಾ ನಿಂಗೆ?" ಈಗ ಅದು ಪಿಸುಮಾತಾಗಿರಲಿಲ್ಲ. "ಕಾರಿಗೆ ಹೋಗು ಅಂದೆ."

ಹೇಮಶ್ರೀ ತೋಳು ಬಿಡಿಸಿಕೊಂಡು, ಕತ್ತರಿಸಿದ ಆ ಪದವನ್ನು ಹೇಳಲು ಸತೀಶನ ಕಡೆ ಒಂದು ಹೆಜ್ಜೆ ಇಟ್ಟಳು.

"ಹೋಗಲ್ಲ ಮೇಡಂ," ಎಂದಳು.