ಲಾಡಿ ಸಿಕ್ಕಿಕೊಂಡಾಗ

ಎಡತೋಳು ಊದತೊಡಗಿದ ಮೇಲೆ ಅಂಗಿಯ ತೋಳನ್ನು ಮೂರು ಸಲ ಬಿಚ್ಚಿ ಅಗಲ ಮಾಡಿದೆ. ದರ್ಜಿಯೇ ನಾನು, ಇನ್ನು ಯಾರಿಗೆ ಹೇಳಲಿ? ನಾಲ್ಕನೆಯ ಸಲ ಬಿಡಿಸಲು ಒಳಗೆ ಬಟ್ಟೆಯೇ ಉಳಿದಿರಲಿಲ್ಲ.

"ಅತ್ತೆ, ತಪ್ಪು ಅಂಗೀದಲ್ಲ, ಕೈಯದು," ಎಂದು ಸೊಸೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ನನಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಯಂತ್ರದ ಸೂಜಿ ಚುಚ್ಚುವುದು ಈ ಎಡಗೈಗೇ. ಬಲಗೈಯ ನರ ಆಗಲೇ ಕೈಕೊಟ್ಟಿತ್ತು. ಎದೆಯೊಳಗಿನ ದೊಡ್ಡ ರಕ್ತನಾಳ ಮುಚ್ಚಿಕೊಂಡಿದೆ, ತೋಳಿನ ರಕ್ತಕ್ಕೆ ವಾಪಸು ಹೋಗಲು ದಾರಿಯಿಲ್ಲ ಎಂದರು ಡಾಕ್ಟರಮ್ಮ. ಅದು ತೆರೆಯದಿದ್ದರೆ ಈ ಕೈಯನ್ನೂ ಬಿಡಬೇಕು. ಆಮೇಲೆ ಸೂಜಿಗೆ ಜಾಗವಿಲ್ಲ. ಸುಳ್ಳೇಕೆ ಹೇಳಲಿ, ಹೆದರಿಬಿಟ್ಟೆ.

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಮಲಗಿಸಿ, ಚುಚ್ಚುವ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಪರದೆಯ ಮೇಲೆ ಸಣ್ಣ ತಂತಿಯೊಂದು ತೋಳಿನಿಂದ ಎದೆಯವರೆಗೆ ಸರಸರ ಹೋಗಿ ಮಡಚಿಕೊಂಡಿತು. ಮತ್ತೆ ಹೋಯಿತು, ಮತ್ತೆ ಮಡಚಿಕೊಂಡಿತು. ಗಂಟೆ ಕಳೆಯಿತು. ಕೊನೆಗೆ ನಾನೇ ಕೇಳಿದೆ.

"ಆಗಲ್ವಾ ಡಾಕ್ಟರಮ್ಮ?"

"ಈ ಕಡೆಯಿಂದ ಆಗ್ತಿಲ್ಲ. ತೊಡೆ ಕಡೆಯಿಂದ ಇನ್ನೊಂದು ತಂತಿ ಕಳಿಸ್ತೀನಿ. ಅದು ದಾರಿ ಮಾಡ್ಕೊಂಡು ಬಂದ್ರೆ, ತುದಿ ಹಿಡಿದು ಈಚೆ ಎಳ್ಕೊಳ್ಳೋದು."

"ಅಯ್ಯೋ, ಲಾಡಿ ಪೋಣಿಸೋದು ಅನ್ನಿ! ಮೊದಲೇ ಹೇಳಬಾರದಿತ್ತಾ? ಪೈಜಾಮದ ಲಾಡಿ ಸಿಕ್ಕಿಕೊಂಡ್ರೆ ನಾನೂ ಆಚೆ ಕಡೆ ಬಾಯಿಂದಲೇ ಪಿನ್ನು ಹಾಕೋದು. ಆದ್ರೆ ನಿಧಾನ! ಬಲ ಹಾಕಿದ್ರೆ ಪಿನ್ನು ಬಟ್ಟೆ ತೂತು ಮಾಡ್ಕೊಂಡು ಹೊರಗೆ ಬರುತ್ತೆ."

"ನಮಗೂ ಅದೇ ಭಯ," ಎಂದು ನಕ್ಕರು.

ನನ್ನ ಬಾಯಿಗಿಷ್ಟು ಬೆಂಕಿ ಹಾಕ! ಹೇಳಿ ಮುಗಿಸಿದ ಮೇಲೆ ತಿಳಿಯಿತು, ಬಟ್ಟೆ ಅಂದರೆ ನಾನೇ ಎಂದು. ಕಣ್ಣು ಮುಚ್ಚಿಕೊಂಡೆ.

"ಸಿಕ್ತು!" ಎಂಬ ಕೂಗಿಗೆ ಕಣ್ಣು ಬಿಟ್ಟೆ. ಪರದೆಯ ಮೇಲೆ ತಂತಿ ಈ ತುದಿಯಿಂದ ಆ ತುದಿಗೆ ನೆಟ್ಟಗಿತ್ತು. ಅದರ ಮೇಲೆಯೇ ಸಣ್ಣ ಬಲೂನು ಕಳಿಸಿ, ಉಬ್ಬಿಸಿ, ದಾರಿ ಅಗಲ ಮಾಡಿದರು. ಮತ್ತೆ ಮುಚ್ಚದಿರಲೆಂದು ಜಾಲರಿಯ ಕೊಳವೆಯನ್ನೂ ಇಟ್ಟರು.

"ಮುಂದೆ ಮತ್ತೆ ಕಿರಿದಾಗಬಹುದು ಅಮ್ಮ. ಆದ್ರೆ ಮತ್ತೆ ತೆಗೀಬಹುದು. ತಪ್ಪದೆ ತೋರಿಸ್ತಿರಿ."

ಐದು ದಿನಕ್ಕೆ ಬಾವು ಇಳಿದು ತೋಳು ತೋಳಿನಂತಾಯಿತು. ಡಯಾಲಿಸಿಸ್ ಸೂಜಿ ಅದೇ ಕೈಗೆ ಚುಚ್ಚಿದಾಗ ಆ ಕೋಣೆಯಲ್ಲಿ ನೋವಿಗೆ ನಕ್ಕವಳು ನಾನೊಬ್ಬಳೇ. ಮನೆಗೆ ಬಂದು, ಜೋತಾಡುತ್ತಿದ್ದ ಅಂಗಿಯ ತೋಳನ್ನು ಒಳಕ್ಕೆ ಹಿಡಿದು ಹೊಲಿದೆ. ಸೊಸೆ ಕತ್ತರಿ ಚಾಚಿದಳು.

"ಹೆಚ್ಚಿಗೆ ಬಟ್ಟೆ ಕತ್ತರಿಸಿಬಿಡಿ ಅತ್ತೆ. ಇನ್ಯಾಕೆ ಅದು?"

"ಇರಲಿ ಬಿಡೇ. ಊದಿದ್ರೆ ಬಿಚ್ಚೋದು, ಇಳಿದ್ರೆ ಹೊಲಿಯೋದು. ಇನ್ನೂ ಬಹಳ ವರ್ಷ ಹಾಕ್ಕೋಬೇಕು ಈ ಅಂಗೀನ."