ಥೈರಾಯ್ಡ್‌ಗೂ ಬಾಗಿಲು ಬೇಕು

ನೀಶ್ ಊರಿನ ನಮ್ಮ ವೈದ್ಯಕೀಯ ಕಾಲೇಜಿನಲ್ಲಿ ಮೌಖಿಕ ಪರೀಕ್ಷೆಗೆ ಬೋರಲು ಹಾಕಿದ ಚೀಟಿ ಎತ್ತಬೇಕು. ಯಾರು ಬೇಕಾದರೂ ಹಿಂದೆ ಕೂತು ಕೇಳಬಹುದು. ನನಗೆ ಬಂದದ್ದು: ಹಾರ್ಮೋನುಗಳು ಜೀವಕೋಶದ ಪೊರೆ ದಾಟುವ ಬಗೆ. ಸರದಿ ಕಾಯುತ್ತಿದ್ದವರು ಹೊಟ್ಟೆ ಉರಿದುಕೊಂಡರು, ಅಷ್ಟು ಸುಲಭ.

ಪರೀಕ್ಷೆಗೆ ಕೂತಿದ್ದ ಪ್ರೊಫೆಸರ್ ತಾಸಿಚ್ ತಾವೇ ಬರೆದ ಪುಸ್ತಕದಲ್ಲಿ ಉತ್ತರ ಎರಡೇ ಸಾಲು. ಇನ್ಸುಲಿನ್‌ನಂಥವು ಹೊರಗೇ ನಿಂತು ಸುದ್ದಿ ಮುಟ್ಟಿಸುತ್ತವೆ. ಕೊಬ್ಬಿನಲ್ಲಿ ಕರಗುವಂಥವು, ಥೈರಾಯ್ಡ್ ಹಾರ್ಮೋನೂ ಸೇರಿ, ತಾವಾಗಿ ಒಳಗೆ ನುಸುಳುತ್ತವೆ. ಮೊದಲನೆಯದನ್ನು ಹೇಳಿದೆ. ಎರಡನೆಯದಕ್ಕೆ ನಾಲಿಗೆ ಏಳಲಿಲ್ಲ.

"ಥೈರಾಯ್ಡ್ ಹಾರ್ಮೋನು ತಾನಾಗಿ ನುಸುಳಲ್ಲ ಸಾರ್. ಒಳಗೆ ಕರ್ಕೊಂಡು ಹೋಗೋಕೆ ಪೊರೆಯಲ್ಲಿ ಒಂದು ಪ್ರೋಟೀನ್ ಇರ್ಬೇಕು."

"ಯಾವ ಪುಸ್ತಕದಲ್ಲಿದೆಯಮ್ಮ ಅದು?"

"ನಿಮ್ಮದರಲ್ಲಿ ಇಲ್ಲ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ತಾಸಿಚ್ ಮುಖ ಕೆಂಪಾಯಿತು.

ನನ್ನ ತಮ್ಮ ಲ್ಯುಬಿಶಾನಿಗೆ ಹದಿನಾರು. ಕತ್ತು ನಿಲ್ಲುವುದಿಲ್ಲ, ಮಾತಿಲ್ಲ. ರಕ್ತದಲ್ಲಿ ಹಾರ್ಮೋನು ಬೇಕಾದಷ್ಟಿದೆ, ಅದು ತಾನಾಗಿ ಒಳಗೆ ಹೋಗುತ್ತದೆ ಎಂದ ವೈದ್ಯರು ತಪ್ಪನ್ನು ಅಮ್ಮನ ತಲೆಗೆ ಕಟ್ಟಿದರು: ಹೆರಿಗೆಯಲ್ಲಿ ಸರಿಯಾಗಿ ಮುಕ್ಕಲಿಲ್ಲವಂತೆ, ಮಗುವಿಗೆ ಉಸಿರು ಕಟ್ಟಿತಂತೆ! ಅಮ್ಮ ಅದನ್ನು ನಂಬಿ ಇಷ್ಟು ವರ್ಷ ಕೊರಗಿದಳು. ಹೋದ ಚಳಿಗಾಲ ಹೊರದೇಶಕ್ಕೆ ಕಳಿಸಿದ ರಕ್ತದಿಂದ ನಿಜ ತಿಳಿಯಿತು. ಅವನಲ್ಲಿ ಕೆಟ್ಟಿರುವುದು ಆ ಪ್ರೋಟೀನ್. ಹಾರ್ಮೋನು ರಕ್ತದಲ್ಲಿ ತುಂಬಿ ತುಳುಕಿದರೂ ಮಿದುಳಿಗೆ ದಕ್ಕುವುದಿಲ್ಲ.

"ನೋಡು, ಇದು ನಿಂಗೆ ಈ ವರ್ಷದ ಕೊನೇ ಅವಕಾಶ. ಬಿಟ್ರೆ ಒಂದು ವರ್ಷ ಹೋಯ್ತು," ಎಂದು ತಾಸಿಚ್ ನನ್ನ ಅಂಕದ ಪುಸ್ತಕ ತೆರೆದು ಪೆನ್ನು ಹಿಡಿದರು. "ಪುಸ್ತಕದಲ್ಲಿರೋದನ್ನ ಹೇಳ್ಬಿಡು, ಆರು ಹಾಕ್ತೀನಿ."

ಹತ್ತಕ್ಕೆ ಆರು ಎಂದರೆ ಪಾಸು. ಕೊಟ್ಟ ಅಂಕ ಬೇಡವೆನ್ನುವ ಹಕ್ಕು ನಮ್ಮಲ್ಲಿ ವಿದ್ಯಾರ್ಥಿಗಿದೆ. ಹತ್ತರ ಆಸೆಗೆ ಒಂಬತ್ತನ್ನು ಬಿಡುವ ಜಾಣರುಂಟು, ಆರನ್ನು ಬಿಟ್ಟವರನ್ನು ನಾನು ಕಂಡಿಲ್ಲ. ಪೆನ್ನಿನಡಿಯಿಂದ ಅಂಕದ ಪುಸ್ತಕ ಎಳೆದುಕೊಂಡೆ.

"ಬೇಡ ಸಾರ್."

"ತಲೆಗಿಲೆ ಕೆಟ್ಟಿದೆಯಾ ನಿಂಗೆ?"

"ಆ ಸಾಲು ಹೇಳಿದ್ರೆ ತಪ್ಪು ನಮ್ಮಮ್ಮಂದೇ ಅಂತ ನಾನೂ ಹೇಳ್ದಂಗೆ. ಮುಂದಿನ ವರ್ಷ ಬರ್ತೀನಿ. ಆಗ್ಲೂ ಇದೇ ಉತ್ತರ."

ಮನೆಗೆ ಬಂದಾಗ ಅಮ್ಮ ಲ್ಯುಬಿಶಾನಿಗೆ ಸೂಪು ಕುಡಿಸುತ್ತಿದ್ದಳು. ಬಿಡದೆ ಎಲ್ಲ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ. ಅಮ್ಮ ಚಮಚ ಕೆಳಗಿಟ್ಟಳು.

"ಎಲ್ಲರ ಮುಂದೇನಾ ಹೇಳ್ದೆ, ಸ್ತಾಮೆನಾ?"

"ಎಲ್ಲರ ಮುಂದೇನೇ."

"ಗಟ್ಟಿಯಾಗಿ?"

"ಗಟ್ಟಿಯಾಗೇ ಅಮ್ಮ."

ಅವಳು ತಮ್ಮನ ಗಲ್ಲ ಒರೆಸಿ ಮತ್ತೆ ಚಮಚ ಎತ್ತಿಕೊಂಡಳು.

"ಮುಂದಿನ ವರ್ಷ ನಾನೂ ಬರ್ತೀನಿ ಕಣೇ. ಹಿಂದಲ್ಲ, ಮೊದಲನೇ ಸಾಲಲ್ಲೇ ಕೂತ್ಕೋತೀನಿ."