ಬೆಟ್ಟಮ್ಮನ ನೀಲಿ ಕಲೆಗಳು

ಮುಂದಿನ ಸೀಟಿನವಳ ಹೆಗಲ ಮೇಲೆ ಮಲಗಿರುವ ಕೂಸಿನ ಕತ್ತಿನಲ್ಲಿ ಕೆಂಪು ಚುಕ್ಕೆ, ಬೆವರುಸಾಲೆ ಇರಬೇಕು, ಬೆರಳಿಂದ ಒತ್ತಿದೆ, ಮಾಸಿತು, ಸದ್ಯ — ಯಾಕ್ರವ್ವ ಏನಾಯ್ತು ಅಂತ ಅವಳು ತಿರುಗಿದಳು, ಏನಿಲ್ಲಮ್ಮ, ನಾನು ಡಾಕ್ಟರು, ಬಸ್ಸು ಹೇಮಾವತಿ ಸೇತುವೆ ಹತ್ತುತ್ತಿದೆ, ಇನ್ನೇನು ಹೊಳೆನರಸೀಪುರ, ಏಳು ವರ್ಷವಾಯಿತು, ಅರವತ್ತೊಂದನೇ ಇಸವಿಯಲ್ಲಿ ನಾನು ಈ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಬಂದ ಹೊಸ ಡಾಕ್ಟರಮ್ಮ, ಎಲ್ಲ ಗೊತ್ತು ಅನ್ನುವ ವಯಸ್ಸು, ಏಳು ತಿಂಗಳ ಬಸುರಿ ಬೆಟ್ಟಮ್ಮ ಸೆರಗು ಸರಿಸಿದರೆ ತೋಳ ತುಂಬ ನೀಲಿಗಟ್ಟಿದ ಕಲೆ, ಯಾರು ಹೊಡೆದದ್ದು ಹೇಳು, ಯಾರೂ ಒಡ್ದಿಲ್ಲ ಕಣ್ರವ್ವ, ತಾನಾಗೇ ಆಯ್ತವೆ, ಅಲ್ಲುಜ್ಜುದ್ರೆ ವಸಡಲ್ಲೂ ರಕ್ತ ಬತ್ತದೆ — ಹೇಳಿದಳಲ್ಲ, ಬಾಯಿಬಿಟ್ಟು ಹೇಳಿದಳು, ಗಂಡನಿಗೆ ಹೆದರಿ ಸುಳ್ಳಾಡುತ್ತಾಳೆ ಅಂದುಕೊಂಡೆ, ಜಗಲಿಯಲ್ಲಿದ್ದ ಗಂಡ ಮಂಚಯ್ಯನನ್ನು ಕರೆಸಿ, ಕಾದು ಕೂತಿದ್ದ ಅಷ್ಟೂ ಜನರೆದುರು, ಬಸುರಿಗೆ ಹೊಡೆಯೋಕೆ ನಾಚಿಕೆಯಾಗಲ್ವೇನಯ್ಯ, ಪೊಲೀಸಿಗೆ ಹೇಳ್ತೀನಿ, ಅವನು ತಲೆ ತಗ್ಗಿಸಿ, ಒಂದಿನಾನೂ ಕೈ ಮಾಡಿಲ್ಲ ಡಾಕ್ಟ್ರಮ್ಮ, ಅಷ್ಟೇ ಅಂದದ್ದು, ಆಮೇಲೆ ಅವರು ಆಸ್ಪತ್ರೆಗೆ ಬರಲೇ ಇಲ್ಲ, ಯಾಕೆ ಬರುತ್ತಾರೆ — ಹೆರಿಗೆ ಮನೆಯಲ್ಲೇ ಆಯಿತು, ಮಾರನೆಯ ಬೆಳಿಗ್ಗೆ ತಾಯಿ ಮಗು ಇಬ್ಬರನ್ನೂ ಗಾಡಿಯಲ್ಲಿ ಮಲಗಿಸಿಕೊಂಡು ತಂದ, ಗಂಡು ಕೂಸು, ಮೈತುಂಬ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆ, ಒತ್ತಿದೆ, ಮಾಸಲಿಲ್ಲ, ಚರ್ಮದಡಿ ರಕ್ತ ಸೋರಿದ ಚುಕ್ಕೆ, ಹೊಕ್ಕುಳಲ್ಲೂ ರಕ್ತ ಜಿನುಗುತ್ತಲೇ ಇತ್ತು, ಹಿಮ್ಮಡಿ ಚುಚ್ಚಿ ಒಂದು ಹನಿ ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ಹುಡುಕುತ್ತೇನೆ, ರಕ್ತ ಹೆಪ್ಪುಗಟ್ಟಿಸುವ ಆ ಪುಟ್ಟ ಪ್ಲೇಟ್ಲೆಟ್ ಕಣಗಳು, ಅಲ್ಲೊಂದು ಇಲ್ಲೊಂದು, ಇಲ್ಲವೆನ್ನುವಷ್ಟು ಕಮ್ಮಿ, ತಾಯಿಯ ಬೆರಳಿನ ಹನಿಯಲ್ಲೂ ಹಾಗೇ, ಆಗ ತಿಳಿಯಿತು, ಅವಳ ರಕ್ತದ ಕಾಯಿಲೆಯೇ ಕೂಸಿಗೂ ಇಳಿದಿದೆ, ಆ ಕಲೆಗಳು ಹೇಳುತ್ತಿದ್ದದ್ದು ಅದನ್ನೇ, ಎರಡು ತಿಂಗಳ ಹಿಂದೆ ಈ ಹನಿ ನೋಡಿದ್ದರೆ ಮೈಸೂರಿಗೆ ಕಳಿಸುತ್ತಿದ್ದೆ, ದೊಡ್ಡ ಡಾಕ್ಟರುಗಳಿದ್ದರು, ಔಷಧವಿತ್ತು, ಬದುಕುತ್ತಿತ್ತೋ ಏನೋ — ಕೂಸಿಗೆ ಈಗಿಂದೀಗಲೇ ರಕ್ತ ಕೊಡಬೇಕು ಅಂದೆ, ಮಂಚಯ್ಯನದು ಹೊಂದಿತು, ಕೊಟ್ಟೆ, ಮಧ್ಯಾಹ್ನ ನಾಲ್ಕು ಚಮಚ ಹಾಲು ಕುಡಿಯಿತು, ಬೆಟ್ಟಮ್ಮ ನಕ್ಕಳು ಕೂಡ, ಹೊತ್ತಿಳಿಯುವಾಗ ನೆತ್ತಿ ಉಬ್ಬಿ ಬಂತು, ತಲೆಯೊಳಗೆ ರಕ್ತ, ಕೂಸು ಹೋಯಿತು, ತಪ್ಪಾಯ್ತು ಮಂಚಯ್ಯ ಅನ್ನಬೇಕಿತ್ತು, ಬಯ್ದಾಗ ಎಷ್ಟು ಜನ ಇದ್ದರೋ ಅಷ್ಟೂ ಜನರೆದುರು ಅನ್ನಬೇಕಿತ್ತು, ಗಾಡಿ ಹೊರಟಿತು, ನಾನು ಬಾಗಿಲಲ್ಲಿ ನಿಂತೇ ಇದ್ದೆ, ಯಾರ್ರೀ ಹೊಳೆನರಸೀಪುರ ಇಳಿಯೋರು ಅಂತ ಕಂಡಕ್ಟರ್ ಕೂಗುತ್ತಿದ್ದಾನೆ, ಏಳಬೇಕು, ಈ ದಾರಿಯಲ್ಲಿ ಬಂದಾಗೆಲ್ಲ ಅದೊಂದೇ ಕಣ್ಣಿಗೆ ಕಟ್ಟುತ್ತದೆ, ನಾನು ಸೂಜಿ ಹಿಡಿದು ತಿರುಗುವಷ್ಟರಲ್ಲಿ ಅಂಗಿಯ ತೋಳು ಮಡಿಸಿ, ಎಷ್ಟ್ ಬೇಕೋ ಅಷ್ಟ್ ತಗಳಿ ಡಾಕ್ಟ್ರಮ್ಮ ಅಂತ ಮಂಚಯ್ಯ ಮೇಜಿನ ಮೇಲೆ ಚಾಚಿದ ಕೈ, ಅಂಗೈ ಮೇಲಾಗಿ, ಬೆರಳು ಬಿಚ್ಚಿಕೊಂಡು, ಆ ಕೈ —